‘ಆದರೆ’ಯ ಈಚೆ, ಆಚೆ

ನಮ್ಮಂಥ ಹಳ್ಳಿ ಕಡೆಯ ವರದಿಗಾರರಿಗೆ ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳೆಂದರೆ ಭಯ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನನ್ನ ಅನುಭವ ಬೇರೆ. ದೊಡ್ಡ ಪದ ಗೊತ್ತಿಲ್ಲದಿದ್ದರೆ ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದೆ. ಕಷ್ಟ ಕೊಡುವುದು ಸಣ್ಣವು. ಬಟ್, ವೈಲ್, ವೇರ್ ಆ್ಯಸ್, ಅನ್‌ಲೈಕ್, ಡಿಸ್ಪೈಟ್, ಹೌಎವರ್. ಎರಡು ಸಂಗತಿಗಳನ್ನು ಅಕ್ಕಪಕ್ಕ ನಿಲ್ಲಿಸಿ ‘ಇದು ಹೀಗೆ, ಅದು ಹಾಗೆ’ ಎಂದು ಹೇಳುವ ಪದಗಳು ಇವು. ಇವುಗಳ ಜೊತೆಗೆ ಡಿಫರೆನ್ಸ್, ಡಿಸ್ಪ್ಯಾರಿಟಿ, ಡಿಸ್ಕ್ರೆಪೆನ್ಸಿ, ಡಿಸ್ಕ್ರಿಮಿನೇಷನ್ ಎಂಬ ನಾಲ್ಕು ‘ಡಿ’ಗಳು. ಅವಸರದಲ್ಲಿ ಬರೆಯುವಾಗ ಈ ನಾಲ್ಕಕ್ಕೂ ನಮ್ಮ ಕೈಗೆ ಮೊದಲು ಸಿಗುವುದು ಒಂದೇ ಪದ: ವ್ಯತ್ಯಾಸ.

ಡಿಪ್ಲೊಮಾ ಓದುವಾಗ ನಮಗೆ ಅನುವಾದ ಕಲಿಸಿದ ಮೇಷ್ಟ್ರು ಈ ಪದಗಳನ್ನೆಲ್ಲ ಬೋರ್ಡಿನ ಎಡಗಡೆ ಸಾಲಾಗಿ ಬರೆದು, ಬಲಗಡೆ ಉದ್ದಕ್ಕೂ ‘ಆದರೆ’ ಎಂದು ಒಂದೇ ಸಲ ಬರೆದು ಆವರಣ ಹಾಕಿದ್ದರು. ಪರೀಕ್ಷೆಗೆ ಅದು ಸಾಕಾಗಿತ್ತು. ಕೆಲಸಕ್ಕೆ ಬಂದ ಮೇಲೆ ಸಾಲುತ್ತಿಲ್ಲ. ಯಾಕೆ ಸಾಲುತ್ತಿಲ್ಲ ಎಂಬುದನ್ನು ನಮ್ಮೂರಿನ ಉದಾಹರಣೆಗಳಲ್ಲೇ ಹೇಳುತ್ತೇನೆ.

ನಾನಿರುವುದು ಶಿರಂಗಾಲದಲ್ಲಿ, ಕೊಡಗಿನ ಉತ್ತರದ ಅಂಚಿನಲ್ಲಿ. ಕುಶಾಲನಗರದಿಂದ ಹೆಬ್ಬಾಲೆ ದಾಟಿ ಬಂದರೆ ನಮ್ಮೂರು, ನಮ್ಮೂರು ದಾಟಿದರೆ ಹಾಸನ ಜಿಲ್ಲೆಯ ಕೊಣನೂರಿನ ದಾರಿ. ಕಾವೇರಿ ಹೊಳೆಯಾಚೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಮೂರು ಜಿಲ್ಲೆಗಳು ಹತ್ತಿರ ಬರುವ ಇಂಥ ಜಾಗದಲ್ಲಿ ಕೂತು ಸುದ್ದಿ ಬರೆಯುವವನು ‘ಅಲ್ಲಿ ಹಾಗೆ, ಇಲ್ಲಿ ಹೀಗೆ’ ಎಂದು ಬರೆಯದೆ ಒಂದು ದಿನವೂ ಕಳೆಯುವುದಿಲ್ಲ.

ಮೊದಲು ಬೀದಿಯಿಂದ ಶುರು ಮಾಡೋಣ. ಈ ಇಂಗ್ಲಿಷ್ ಪದಗಳು ಪತ್ರಿಕಾ ಕಚೇರಿಗೆ ಬರುವ ಎಷ್ಟೋ ಮೊದಲೇ ನಮ್ಮ ಸಂತೆ, ಅಂಗಡಿ, ಕಚೇರಿಗಳಿಗೆ ಬಂದು ಕೂತಿವೆ. ಅಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸ ಇದೆ.

‘ಡಿಫರೆನ್ಸ್’ ಅಂದರೆ ದುಡ್ಡು. ಹಳೇ ಓಲೆ ಕೊಟ್ಟು ಹೊಸಾದು ತಗೊಂಡರೆ ಚಿನ್ನದಂಗಡಿಯವನು, “ಡಿಫರೆನ್ಸ್ ಇಷ್ಟಾಗುತ್ತೆ, ಕಟ್ಟಿ ಅಕ್ಕ” ಅನ್ನುತ್ತಾನೆ. ‘ವೇರಿಯೇಷನ್’ ಅಂದರೆ ತೂಕ. ಶುಂಠಿ ಮಾರುವುದು 60 ಕೆ.ಜಿ. ಮೂಟೆಯ ಲೆಕ್ಕದಲ್ಲಿ. ಹೊಲದಲ್ಲಿ ತೂಗಿದ್ದು ಒಂದು, ವ್ಯಾಪಾರಿ ತೂಗಿದ್ದು ಇನ್ನೊಂದು ಆದಾಗ, “ತೂಕದಲ್ಲಿ ವೇರಿಯೇಷನ್ ಬರ್ತದೆ ಬಿಡಣ್ಣ” ಎಂಬ ಮಾತು ಬರುತ್ತದೆ. ‘ಆಪೋಸಿಟ್’ ಅಂದರೆ ವಿರುದ್ಧವೂ ಅಲ್ಲ, ವೈರಿಯೂ ಅಲ್ಲ. ಬಸ್ ಸ್ಟ್ಯಾಂಡಿನ ಎದುರುಗಡೆ. ‘ಡಿಫರೆಂಟು’ ಅಂದರೆ ಹೊಗಳಿಕೆಯೂ ಆಗಬಹುದು, ಬೈಗುಳವೂ ಆಗಬಹುದು. ಸಿನಿಮಾದವರು ಪ್ರೆಸ್‌ಮೀಟಿನಲ್ಲಿ “ನಮ್ದು ಡಿಫರೆಂಟ್ ಕಥೆ” ಅಂದರೆ ಅದು ಹೊಗಳಿಕೆ. “ಅವನು ಸ್ವಲ್ಪ ಡಿಫರೆಂಟು ಕಣೋ” ಅಂದರೆ ಹುಷಾರಾಗಿರು ಅಂತ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ‘ಕಾಂಟ್ರಾಸ್ಟ್’. ಸೀರೆ ಅಂಗಡಿಯಲ್ಲಿ ಹುಡುಗ ಕೇಳುತ್ತಾನೆ, “ಬ್ಲೌಸ್ ಪೀಸು ಮ್ಯಾಚಿಂಗ್ ಕೊಡ್ಲಾ ಅಕ್ಕ, ಕಾಂಟ್ರಾಸ್ಟ್ ಕೊಡ್ಲಾ?” ಹಸಿರು ಸೀರೆಗೆ ಕೆಂಪು ರವಿಕೆ. ಎರಡು ಬಣ್ಣ ಬೇರೆ ಬೇರೆ ಆಗಿರುವುದರಿಂದಲೇ ಒಂದಕ್ಕೊಂದು ಕಳೆ ಕೊಡುತ್ತವೆ. ಲ್ಯಾಟಿನ್ ಮೂಲದಲ್ಲಿ ಆ ಪದಕ್ಕೆ ‘ಎದುರಾಗಿ ನಿಲ್ಲು’ ಎಂಬ ಅರ್ಥ. ನಮ್ಮ ಕಡೆಯ ಹೆಂಗಸರು ಅದನ್ನು ‘ಜೊತೆಗೆ ನಿಂತರೆ ಚೆನ್ನಾಗಿ ಕಾಣುವುದು’ ಎಂದು ಮಾಡಿಕೊಂಡಿದ್ದಾರೆ. ಪತ್ರಿಕೆಯವರು ಕಾಂಟ್ರಾಸ್ಟಿಗೆ ‘ವೈದೃಶ್ಯ’ ಎಂದು ಬರೆದರೆ ಸೀರೆ ಅಂಗಡಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಬೀದಿಯಲ್ಲಿ ಇಷ್ಟು ಹದವಾಗಿ ಬಳಕೆಯಾಗುವ ಪದಗಳು ಸುದ್ದಿಗೆ ಬಂದಾಗ ಏನಾಗುತ್ತದೆ ಎಂದು ನೋಡೋಣ.

ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ನಮಗೆ ಜಿಲ್ಲೆಯ ಮಳೆ ವರದಿ ಬರುತ್ತದೆ. ಅದರ ರೂಪ ಎಲ್ಲ ವರದಿಗಾರರಿಗೂ ಬಾಯಿಪಾಠ. ಬೆಳಿಗ್ಗೆ 8.30ಕ್ಕೆ ಅಂತ್ಯಗೊಂಡಂತೆ ಕಳೆದ 24 ಗಂಟೆಯಲ್ಲಿ ಜಿಲ್ಲೆಯ ಸರಾಸರಿ ಮಳೆ ಇಷ್ಟು ಮಿ.ಮೀ., ಕಳೆದ ವರ್ಷ ಇದೇ ದಿನ ಇಷ್ಟು. ಜನವರಿಯಿಂದ ಇಲ್ಲಿಯವರೆಗೆ ಇಷ್ಟು, ಕಳೆದ ವರ್ಷ ಇದೇ ಅವಧಿಯಲ್ಲಿ ಇಷ್ಟು. ಆಮೇಲೆ ತಾಲ್ಲೂಕುವಾರು, ಹೋಬಳಿವಾರು ಅಂಕಿಗಳು. ಕೊನೆಗೆ ಹಾರಂಗಿ ಜಲಾಶಯ: ಗರಿಷ್ಠ ಮಟ್ಟ 2,859 ಅಡಿ, ಇಂದಿನ ಮಟ್ಟ ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು.

ಈ ವರದಿಯಲ್ಲಿ ಒಂದೇ ಒಂದು ‘ಆದರೆ’ ಇರುವುದಿಲ್ಲ. ಎರಡು ಅಂಕಿ ಪಕ್ಕಪಕ್ಕ ಇಟ್ಟು ಸುಮ್ಮನಾಗುತ್ತದೆ. ಹೋಲಿಕೆ ಓದುವವನ ಪಾಲಿಗೆ ಬಿಟ್ಟದ್ದು. ಇದೇ ವರದಿ ಇಂಗ್ಲಿಷ್ ಸುದ್ದಿಯಾಗುವಾಗ ನಡುವೆ ಒಂದು ಪದ ಬಂದು ಕೂರುತ್ತದೆ. ಯಾವ ಪದ ಕೂರುತ್ತದೆ ಎಂಬುದರ ಮೇಲೆ ಸುದ್ದಿಯ ಬಣ್ಣ ಬದಲಾಗುತ್ತದೆ.

‘ವೈಲ್’ ಎಂದರೆ ಮೂಲದಲ್ಲಿ ಹೊತ್ತು, ಸಮಯ. ‘ಅಲ್ಲಿ ಅದು ಆಗುತ್ತಿದ್ದ ಹೊತ್ತಿನಲ್ಲೇ ಇಲ್ಲಿ ಇದು’ ಎನ್ನುತ್ತದೆ. ಎರಡೂ ಕಡೆಗೆ ಹೆಚ್ಚು ಕಡಿಮೆ ಒಂದೇ ತೂಕ. ನಾವು ಇದನ್ನೇ ಹೊತ್ತಿನ ಬದಲು ಜಾಗದಲ್ಲಿ ಹೇಳುತ್ತೇವೆ: ಅತ್ತ ಹಾಗೆ, ಇತ್ತ ಹೀಗೆ, ಒಂದೆಡೆ, ಮತ್ತೊಂದೆಡೆ.

‘ಡಿಸ್ಪೈಟ್’ ಹಾಗಲ್ಲ. ಅದರ ಬೇರಿನಲ್ಲಿ ಕೀಳಾಗಿ ನೋಡು, ತಿರಸ್ಕರಿಸು ಎಂಬ ಅರ್ಥ ಇದೆ. ‘ಇಷ್ಟೆಲ್ಲ ಇದ್ದರೂ ಹೀಗಾಯಿತು’ ಎಂದರೆ ಅಲ್ಲಿ ಯಾರೋ ಮಾಡಬೇಕಾದ್ದು ಮಾಡಲಿಲ್ಲ ಎಂಬ ದನಿ ತಾನಾಗಿ ಬರುತ್ತದೆ. ‘ಜಲಾಶಯ ತುಂಬಿದೆ, ನಾಲೆಯ ಕೊನೆಯ ಗದ್ದೆಗೆ ನೀರಿಲ್ಲ’ ಎಂದರೆ ಎರಡು ಸಂಗತಿ. ‘ಜಲಾಶಯ ತುಂಬಿದ್ದರೂ ನಾಲೆಯ ಕೊನೆಯ ಗದ್ದೆಗೆ ನೀರಿಲ್ಲ’ ಎಂದರೆ ಅದೊಂದು ಪ್ರಶ್ನೆ. ‘ಊ’ ಎಂಬ ಒಂದು ಸ್ವರ ಅಷ್ಟು ಕೆಲಸ ಮಾಡುತ್ತದೆ. ಹೀಗಾಗಿ ‘ವೈಲ್’ ಇದ್ದ ಕಡೆ ‘ದರೂ’ ಹಾಕಿದರೆ ಯಾರ ಮೇಲೋ ಆರೋಪ ಹೊರಿಸಿದ ಹಾಗೆ, ‘ಡಿಸ್ಪೈಟ್’ ಇದ್ದ ಕಡೆ ‘ಒಂದೆಡೆ, ಮತ್ತೊಂದೆಡೆ’ ಹಾಕಿದರೆ ಯಾರನ್ನೋ ಬಿಟ್ಟುಕೊಟ್ಟ ಹಾಗೆ.

ಇನ್ನು ನಮ್ಮ ‘ಆದರೆ’. ಇದು ‘ಆಗು’ ಎಂಬ ಕ್ರಿಯಾಪದದಿಂದ ಬಂದದ್ದು. ‘ಮಳೆ ಆದರೆ ಬೆಳೆ’ ಎನ್ನುವಾಗಿನ ಆದರೆಯೂ ಇದೇ. ಇಂಗ್ಲಿಷಿನ ‘ಬಟ್’ ಮಾತ್ರ ‘ಹೊರಗೆ’ ಎಂಬ ಹಳೆಯ ಅರ್ಥದಿಂದ ಬಂದಿದೆ. ಹಿಂದೆ ಹೇಳಿದ್ದನ್ನು ಹೊರಗಿಟ್ಟು ಮುಂದಿನದ್ದನ್ನು ಒಳಗೆ ಕರೆಯುವ ಪದ. ಮೂಲ ಏನೇ ಇರಲಿ, ಸುದ್ದಿಯಲ್ಲಿ ಎರಡೂ ಮಾಡುವ ಕೆಲಸ ಒಂದೇ: ಕೊನೆಯ ಮಾತು ಯಾರದ್ದು ಎಂದು ತೀರ್ಮಾನಿಸುವುದು.

ಕಾಡಾನೆ ಸುದ್ದಿ ತಗೊಳ್ಳಿ. ಕೊಡಗಿನಲ್ಲಿ ಈ ಸುದ್ದಿ ಬರೆಯದ ವರದಿಗಾರನಿಲ್ಲ. ‘ಬೆಳೆಗೆ ಪರಿಹಾರ ಸಾಲದು ಎಂದು ರೈತರು ಹೇಳುತ್ತಾರೆ. ಆದರೆ ನಿಯಮದ ಪ್ರಕಾರವೇ ಪರಿಹಾರ ಕೊಡಲಾಗಿದೆ ಎಂದು ಅಧಿಕಾರಿಗಳು ತಿಳಿಸಿದ್ದಾರೆ.’ ಈಗ ಅದಲು ಬದಲು ಮಾಡಿ: ‘ನಿಯಮದ ಪ್ರಕಾರವೇ ಪರಿಹಾರ ಕೊಡಲಾಗಿದೆ ಎಂದು ಅಧಿಕಾರಿಗಳು ತಿಳಿಸಿದ್ದಾರೆ. ಆದರೆ ಅದು ಸಾಲದು ಎಂದು ರೈತರು ಹೇಳುತ್ತಾರೆ.’ ಒಂದು ಅಕ್ಷರ ಸುಳ್ಳಿಲ್ಲ. ಎರಡೂ ಕಡೆಯ ಮಾತು ಬಂದಿದೆ. ಮೊದಲನೆಯದರಲ್ಲಿ ರೈತ ಗೊಣಗುವವನ ಹಾಗೆ ಕಾಣುತ್ತಾನೆ, ಎರಡನೆಯದರಲ್ಲಿ ಅಧಿಕಾರಿ ನುಣುಚಿಕೊಳ್ಳುವವನ ಹಾಗೆ ಕಾಣುತ್ತಾನೆ. ‘ಎರಡೂ ಕಡೆ ಕೇಳಿ ಬರೆಯಿರಿ’ ಎಂದು ನಮಗೆ ಕಲಿಸಿದರು. ಕೇಳಿದ ಮೇಲೆ ಯಾರನ್ನು ಆದರೆಯ ಈಚೆ ಇಡಬೇಕು, ಯಾರನ್ನು ಆಚೆ ಇಡಬೇಕು ಎಂದು ಯಾರೂ ಕಲಿಸಲಿಲ್ಲ.

ನಾನು ಈಗ ಎಷ್ಟೋ ಸಲ ಆದರೆಯನ್ನೇ ತೆಗೆದು ನೋಡುತ್ತೇನೆ. ಮಳೆ ವರದಿಯ ಹಾಗೆ ಎರಡು ವಾಕ್ಯ ಪಕ್ಕಪಕ್ಕ ಇಟ್ಟರೆ ಸುದ್ದಿ ನಿಲ್ಲುತ್ತದೆಯೇ ಎಂದು ನೋಡುವುದು. ನಿಂತರೆ ಹಾಗೇ ಕಳಿಸುತ್ತೇನೆ. ಡೆಸ್ಕಿನವರು ಕೆಲವು ಸಲ ಮತ್ತೆ ಆದರೆ ಸೇರಿಸುತ್ತಾರೆ, ಅದು ಅವರ ಕೆಲಸ.

ಹಾಗಂತ ಪಕ್ಕಪಕ್ಕ ಇಟ್ಟ ಅಂಕಿ ಯಾವಾಗಲೂ ನ್ಯಾಯ ಹೇಳುತ್ತದೆ ಎಂದೂ ಅಲ್ಲ. ‘ಜಿಲ್ಲೆಯ ಸರಾಸರಿ’ ಎಂಬ ಮಾತೇ ನೋಡಿ. ಭಾಗಮಂಡಲ, ಶಾಂತಳ್ಳಿ ಕಡೆ ಸುರಿಯುವ ಮಳೆಗೂ ನಮ್ಮ ಕಡೆ ಬೀಳುವ ಮಳೆಗೂ ಅಜಗಜಾಂತರ. ಅಜ ಎಂದರೆ ಆಡು, ಗಜ ಎಂದರೆ ಆನೆ. ಆಡನ್ನೂ ಆನೆಯನ್ನೂ ಒಂದೇ ತಕ್ಕಡಿಗೆ ಹಾಕಿ ಸರಾಸರಿ ತೂಕ ಹೇಳಿದರೆ ಆಡಿಗೂ ಅನ್ವಯಿಸುವುದಿಲ್ಲ, ಆನೆಗೂ ಅನ್ವಯಿಸುವುದಿಲ್ಲ. ಜಿಲ್ಲೆಗೆ ಅತಿವೃಷ್ಟಿ ಎಂದು ಸುದ್ದಿಯಾದ ವಾರದಲ್ಲೇ ನಮ್ಮೂರಿನ ಒಬ್ಬ ಹಿರಿಯರು ನನ್ನನ್ನು ತಡೆದು ಕೇಳಿದ್ದುಂಟು, “ಏನ್ ಮಗ, ಭಾಗಮಂಡಲದಲ್ಲಿ ಹೊಳೆ ತುಂಬ್ತು ಅಂತ ಬರ್ದಿದ್ದೀಯ. ಅದೇ ಇಲ್ಲಿ ನೋಡು, ಬಿತ್ತಿದ ಜೋಳ ಮೊಳಕೆ ಒಡೀಲಿಲ್ಲ.”

ಅವರ ಮಾತಿನಲ್ಲಿದ್ದ ‘ಅದೇ’ಯನ್ನು ಗಮನಿಸಿ. ‘ವೇರ್ ಆ್ಯಸ್’ ಮಾಡುವ ಕೆಲಸವನ್ನು ಅದು ಪೂರ್ತಿ ಮಾಡುತ್ತಿದೆ. ‘ಮಾತ್ರ’, ‘ಅಂತೂ’ ಕೂಡ ಹಾಗೆಯೇ. ‘ಎಲ್ಲರಿಗೂ ಬಂತು, ನಮಗೆ ಮಾತ್ರ ಬರಲಿಲ್ಲ.’ ‘ಅವರಿಗೆ ಅಷ್ಟಾದರೂ ಸಿಕ್ಕಿತು, ನಮಗಂತೂ ಏನೂ ಇಲ್ಲ.’ ಹಳ್ಳಿಯ ಮಾತಿನಲ್ಲಿ ಇಷ್ಟು ಸಲಕರಣೆ ಇದ್ದೂ ನಾವು ಬರೆಯಲು ಕೂತಾಗ ‘ಆದರೆ’ ಮತ್ತು ‘ಮತ್ತೊಂದೆಡೆ’ ಎರಡನ್ನೇ ಹಿಡಿದುಕೊಂಡಿದ್ದೇವೆ. ಮಂಗಳೂರು, ಧಾರವಾಡಗಳ ಜೊತೆಗೆ ನಮ್ಮ ಮಡಿಕೇರಿಯಲ್ಲೂ ಕೆಲಸ ಮಾಡಿದ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ದೊಡ್ಡ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟರು. ಅದು ಕನ್ನಡದಿಂದ ಇಂಗ್ಲಿಷಿಗೆ ಹೋಗುವ ದಾರಿ. ನನ್ನಂಥವನು ದಿನಾ ನಡೆಯುವುದು ಉಲ್ಟಾ ದಾರಿಯಲ್ಲಿ. ಆ ದಾರಿಯಲ್ಲಿ ನನಗೆ ನಿಘಂಟಿಗಿಂತ ಹೆಚ್ಚು ಪದ ಕೊಟ್ಟವರು ಇಂಥ ಹಿರಿಯರು.

‘ವೇರ್ ಆ್ಯಸ್’ಗೆ ಇನ್ನೊಂದು ಮುಖ ಇದೆ, ಅದು ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ. ಇಂಗ್ಲಿಷಿನ ಕಾನೂನು ಬರಹದಲ್ಲಿ ಈ ಪದ ವಾಕ್ಯದ ಶುರುವಿನಲ್ಲಿ ಬಂದರೆ ಅದಕ್ಕೆ ‘ಆದರೆ’ ಎಂಬ ಅರ್ಥ ಇಲ್ಲ. ‘ಹೀಗಿರುವುದರಿಂದ’ ಎಂದರ್ಥ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ಕಂಪನಿ ಸರ್ಕಾರಕ್ಕೆ ಸೇರಿಸಿಕೊಂಡಾಗ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆ ಶುರುವಾಗುವುದು ಇದೇ ಪದದಿಂದ. ಬ್ರಿಟಿಷರ ರಕ್ಷಣೆಯಲ್ಲಿರಬೇಕೆಂಬುದು ಕೊಡಗಿನ ನಿವಾಸಿಗಳ ಒಮ್ಮತದ ಇಚ್ಛೆಯಾಗಿರುವುದರಿಂದ ಎಂದು ಅದರ ತಾತ್ಪರ್ಯ. ನಮ್ಮ ಕುಶಾಲನಗರಕ್ಕೆ ಬಹಳ ಕಾಲ ಫ್ರೇಸರ್‌ಪೇಟೆ ಎಂದು ಹೆಸರಿದ್ದದ್ದು ಇದೇ ಫ್ರೇಸರನಿಂದ. ಎಲ್ಲರ ಒಮ್ಮತ ಎಂದು ಒಂದು ಪದದ ಬೆನ್ನಿಗೆ ಕಟ್ಟಿ ಕಳಿಸಿಬಿಟ್ಟರೆ ಒಪ್ಪದವರು ಎಲ್ಲಿ ಹೋದರು ಎಂದು ಕೇಳಲು ವಾಕ್ಯದಲ್ಲಿ ಜಾಗವೇ ಉಳಿಯುವುದಿಲ್ಲ. ಭಿನ್ನತೆ ಹೇಳುವ ಪದವೇ ಭಿನ್ನತೆಯನ್ನು ಮುಚ್ಚಲೂ ಬರುತ್ತದೆ.

ಆ ಮೇಲೆ ಕೊಡಗು ಬೇರೆ ಪ್ರಾಂತ್ಯವಾಗಿ, ಸ್ವಾತಂತ್ರ್ಯದ ನಂತರ ಸಣ್ಣದೊಂದು ಬೇರೆ ರಾಜ್ಯವಾಗಿ, 1956ರ ನವೆಂಬರ್ 1ರವರೆಗೆ ಉಳಿಯಿತು. ಅಲ್ಲಿಯವರೆಗೆ ನಮ್ಮೂರು ಒಂದು ರಾಜ್ಯದ ಅಂಚು, ಹೊಳೆಯಾಚೆ ಇನ್ನೊಂದು ರಾಜ್ಯ. ಈಗ ಎರಡೂ ಕರ್ನಾಟಕ. ಆಡುವ ಕನ್ನಡ ಆಚೆಗೂ ಈಚೆಗೂ ಒಂದೇ, ಬೆಳೆಯೂ ಹೆಚ್ಚು ಕಡಿಮೆ ಒಂದೇ: ಭತ್ತ, ಜೋಳ, ಶುಂಠಿ. ಇಂಗ್ಲಿಷ್ ಪ್ರವಾಸ ಬರಹಗಳಲ್ಲಿ ಕೊಡಗು ಎಂದರೆ ಕಾಫಿ, ಮಂಜು, ಬೆಟ್ಟ, ಕೊಡವರ ಐನ್‌ಮನೆ. ಹೀಗಾಗಿ ನಮ್ಮ ಭಾಗದ ಬಗ್ಗೆ ಬರೆಯುವಾಗ ವಾಕ್ಯ ಶುರುವಾಗುವುದೇ ‘ಅನ್‌ಲೈಕ್’ ಎಂದು. ಕೊಡಗಿನ ಉಳಿದ ಭಾಗದಂತಲ್ಲದೆ ಇದು ಬಯಲು ಪ್ರದೇಶ, ಕೊಡಗಿನ ಉಳಿದ ಭಾಗದಂತಲ್ಲದೆ ಇಲ್ಲಿ ಕಾಫಿ ಇಲ್ಲ. ‘ಅನ್‌ಲೈಕ್’ ಹೇಳುವುದು ನೀನು ಏನಲ್ಲ ಎಂಬುದನ್ನು. ಏನು ಹೌದು ಎಂದು ಹೇಳುವ ಹೊತ್ತಿಗೆ ಪ್ಯಾರಾ ಮುಗಿದಿರುತ್ತದೆ.

ಇದರಿಂದ ಆಗುವ ಕಷ್ಟ ಬರೀ ಅಭಿಮಾನದ್ದಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಹೊರಗಿನವರಿಗೆ ‘ಕೊಡಗು’ ಎಂಬ ಒಂದೇ ಪದ ಕೇಳಿಸುತ್ತಿತ್ತು. ನಮ್ಮೂರಿಗೂ ನೆಂಟರ ಫೋನು ಬರುತ್ತಿತ್ತು, “ಮನೆ ಉಳೀತಾ?” ಎಂದು. ಆಗ ನಾವು ‘ಇಲ್ಲಿ ಹಾಗಿಲ್ಲ’ ಎಂದು ಹೇಳಬೇಕಿತ್ತು, ಆ ಮಾತು ಮಣ್ಣಿನಡಿ ಮನೆ ಕಳಕೊಂಡವರಿಗೆ ‘ನಮಗೇನೂ ಆಗಿಲ್ಲ’ ಎಂಬಂತೆ ಕೇಳಬಾರದಿತ್ತು. ಯಾವ ಊರಿಗೆ ಏನಾಗಿದೆ ಎಂದು ಊರಿನ ಹೆಸರು ಹಿಡಿದು ಬರೆಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ನೆರವು ಎಲ್ಲಿಗೆ ಹೋಗಬೇಕು ಎಂದು ತಿಳಿಯುವುದೂ ಹಾಗೆ ಬರೆದಾಗಲೇ.

ಇನ್ನು ನಾಲ್ಕು ‘ಡಿ’ಗಳಿಗೆ ಬರುತ್ತೇನೆ. ನನ್ನ ಮಟ್ಟಿಗೆ ಈ ಲೇಖನದ ಮುಖ್ಯ ಮಾತು ಇಲ್ಲಿದೆ.

ನಮ್ಮ ಕಡೆಯ ಒಂದು ಹಳ್ಳಿ. ಹೆಸರು ಬೇಡ. ಆ ವರ್ಷ ಮಳೆಗೆ ಜೋಳ ಹಾಳಾಗಿ ಪರಿಹಾರದ ಪಟ್ಟಿ ಆಗಿತ್ತು. ಬದುವಿಗೆ ಬದು ತಾಗಿದ ಎರಡು ಹೊಲ. ಒಬ್ಬರ ಖಾತೆಗೆ ದುಡ್ಡು ಬಂತು, ಪಕ್ಕದ ಹೊಲದ ಅಕ್ಕನಿಗೆ ಬರಲಿಲ್ಲ. ಆಕೆ ಗಂಡ ತೀರಿಹೋದ ಹೆಂಗಸು. ಕಚೇರಿಗೆ ಮೂರು ಸಲ ಅಲೆದಿದ್ದಾರೆ. “ಮಿಸ್‌ಮ್ಯಾಚ್ ಅಂತಾರೆ ಕಣಣ್ಣ. ನಂಗೇನು ಗೊತ್ತಾದದು? ಅವ್ರ ಜೋಳಾನೂ ಜೋಳ, ನನ್ನ ಜೋಳಾನೂ ಜೋಳ. ಮಳೆಗೆ ಮಿಸ್‌ಮ್ಯಾಚ್ ಇತ್ತಾ?” ಎಂದರು.

ಅಕ್ಕಪಕ್ಕದವರು ನನಗೆ ಹೇಳಿದ್ದು, “ಇದು ತಾರತಮ್ಯ, ಹಂಗೇ ಬರೀರಿ.” ಕಚೇರಿಯವರು ಹೇಳಿದ್ದು, “ದಾಖಲೆಯಲ್ಲಿ ವ್ಯತ್ಯಾಸ ಇದೆ, ಅಷ್ಟೇ.” ಸುದ್ದಿಗೆ ತಲೆಬರಹ ಬೇಕಾದರೆ ಎರಡರಲ್ಲಿ ಒಂದು ತಗೊಂಡರೆ ಮುಗಿಯಿತು. ‘ಪರಿಹಾರದಲ್ಲಿ ತಾರತಮ್ಯ: ಆರೋಪ’ ಎಂದು ಹಾಕಬಹುದು. ‘ದಾಖಲೆ ವ್ಯತ್ಯಾಸ: ಪರಿಹಾರ ವಿಳಂಬ’ ಎಂದೂ ಹಾಕಬಹುದು. ಮೊದಲನೆಯದರಲ್ಲಿ ಯಾರೋ ಬೇಕೆಂದೇ ಮಾಡಿದ್ದಾರೆ ಎಂದಾಗುತ್ತದೆ. ಅದಕ್ಕೆ ನನ್ನ ಹತ್ತಿರ ಆಧಾರ ಇರಲಿಲ್ಲ. ಎರಡನೆಯದರಲ್ಲಿ ಯಾರೂ ಏನೂ ಮಾಡಿಲ್ಲ, ದಾಖಲೆ ತಾನಾಗಿ ಹಾಗಾಗಿದೆ ಎಂದಾಗುತ್ತದೆ. ಅದೂ ನಿಜವಲ್ಲ.

ಕಾಗದ ತೆಗೆಸಿ ನೋಡಿದೆ. ಪಹಣಿಯಲ್ಲಿ ಗಂಡನ ಹೆಸರೇ ಇತ್ತು. ಪೌತಿ ಖಾತೆ ಆಗಿರಲಿಲ್ಲ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಆಕೆಯ ಹೆಸರಿನ ಮುಂದೆ ತವರಿನ ಇನಿಷಿಯಲ್ಲು, ಆಧಾರಿನಲ್ಲಿ ಗಂಡನ ಹೆಸರಿನ ಇನಿಷಿಯಲ್ಲು. ಕಂಪ್ಯೂಟರಿಗೆ ಇವರು ಮೂರು ಬೇರೆ ಬೇರೆ ಮನುಷ್ಯರು. ಇಂಗ್ಲಿಷಿನಲ್ಲಿ ಇದಕ್ಕೆ ಸರಿಯಾದ ಪದ ‘ಡಿಸ್ಕ್ರೆಪೆನ್ಸಿ’. ಒಂದೇ ಆಗಿರಬೇಕಾದ ಎರಡು ಲೆಕ್ಕ ಒಂದಾಗಿಲ್ಲ ಎಂದರ್ಥ. ‘ಡಿಫರೆನ್ಸ್’ನಲ್ಲಿ ಈ ‘ಒಂದೇ ಆಗಿರಬೇಕಿತ್ತು’ ಎಂಬ ಮಾತಿಲ್ಲ. ಆಡು ಬೇರೆ, ಆನೆ ಬೇರೆ, ಅದು ಡಿಫರೆನ್ಸ್. ಅಕ್ಕ ಒಬ್ಬರೇ, ಕಾಗದದಲ್ಲಿ ಮೂವರು, ಇದು ಡಿಸ್ಕ್ರೆಪೆನ್ಸಿ. ಇದನ್ನು ಯಾರಾದರೂ ಸರಿ ಮಾಡಬೇಕು.

ಕನ್ನಡದಲ್ಲಿ ಇದಕ್ಕೆ ‘ತಾಳೆಯಾಗುತ್ತಿಲ್ಲ’ ಎಂಬ ಒಳ್ಳೆಯ ಮಾತಿದೆ. ಲೆಕ್ಕ ತಾಳೆ ನೋಡುವುದು ಎಂದು ಹಳೇ ಶ್ಯಾನುಭೋಗರ ಕಾಲದಿಂದ ಹೇಳಿಕೊಂಡು ಬಂದ ಮಾತು. ನಾನು ಬರೆದು ಕಳಿಸಿದ್ದು ಹೀಗೆ: ಗಂಡ ತೀರಿದ ಮೇಲೆ ಪೌತಿ ಖಾತೆ ಆಗದ ಕಾರಣ ಪಹಣಿ, ಆಧಾರ್, ಪಾಸ್‌ಬುಕ್ ಮೂರೂ ತಾಳೆಯಾಗುತ್ತಿಲ್ಲ, ಪಕ್ಕದ ಹೊಲಕ್ಕೆ ಬಂದ ಪರಿಹಾರ ಈ ಹೊಲಕ್ಕೆ ಬಂದಿಲ್ಲ, ಇದೇ ಊರಿನಲ್ಲಿ ಇಂಥ ಇನ್ನೂ ಕೆಲವು ವಿಧವೆಯರಿದ್ದಾರೆ. ಸುದ್ದಿ ಒಳಪುಟದಲ್ಲಿ ಸಣ್ಣದಾಗಿ ಬಂತು. ಓದಿದ ಒಬ್ಬ ಸಿಬ್ಬಂದಿ ನನಗೆ ಫೋನ್ ಮಾಡಿ, “ಯಾರ್ಯಾರದು ಹಂಗಿದೆ ಹೇಳಿ ಸಾರ್, ಪೌತಿ ಅರ್ಜಿ ಹಾಕ್ಸೋಣ” ಎಂದರು. ತಿಂಗಳುಗಟ್ಟಲೆ ಹಿಡಿಯಿತು, ಖಾತೆ ಆಯಿತು. ಆ ವರ್ಷದ ಪರಿಹಾರ ಮಾತ್ರ ಆಕೆಗೆ ಬರಲಿಲ್ಲ.

ಹಾಗಾದರೆ ಯಾವಾಗಲೂ ಮೆತ್ತಗಿನ ಪದ ಬಳಸಬೇಕೇ? ಇಲ್ಲ. ಇನ್ನೊಂದು ಉದಾಹರಣೆ ಹೇಳುತ್ತೇನೆ.

ನಮ್ಮ ಕಡೆ ಕೂಲಿ ಕೇಳಿದರೆ ಎರಡು ರೇಟು ಹೇಳುತ್ತಾರೆ, ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು. ಹೆಣ್ಣಾಳಿನದು ಕಡಿಮೆ. ಯಾಕೆ ಎಂದು ಕೇಳಿದರೆ ಹೊಲದ ಯಜಮಾನರ ಉತ್ತರ ಸಿದ್ಧ ಇರುತ್ತದೆ: “ಗಂಡಸರು ಮೂಟೆ ಹೊರ್ತಾರಲ್ಲ ಸಾರ್.” ಶುಂಠಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರ ಮುಂದೆ ಈ ಮಾತು ಎತ್ತಿದಾಗ ಒಬ್ಬರು ಬೆನ್ನು ನೇರ ಮಾಡಿ, “ಕಳೆ ಕೀಳೋ ದಿನ ಮೂಟೆ ಎಲ್ಲಿಂದ ಬಂತು? ಇವತ್ತು ಅವ್ರೂ ಇದೇ ಸಾಲು, ನಾವೂ ಇದೇ ಸಾಲು” ಎಂದರು.

ಇದನ್ನು ನಾವು ‘ಕೂಲಿಯಲ್ಲಿ ವ್ಯತ್ಯಾಸ’ ಎಂದು ಬರೆಯುತ್ತಾ ಬಂದಿದ್ದೇವೆ. ಸಂಸ್ಕೃತದಲ್ಲಿ ವ್ಯತ್ಯಾಸ ಎಂದರೆ ಅದಲು ಬದಲು, ಹಿಂದು ಮುಂದಾಗುವುದು. ಯಾರು ಮಾಡಿದರು ಎಂದು ಆ ಪದ ಕೇಳುವುದಿಲ್ಲ. ಮಳೆಯಲ್ಲಿ ವ್ಯತ್ಯಾಸ, ದರದಲ್ಲಿ ವ್ಯತ್ಯಾಸ ಎಂದ ಹಾಗೆ ಕೂಲಿಯಲ್ಲೂ ವ್ಯತ್ಯಾಸ ಎಂದರೆ ಅದೂ ಮೋಡದಿಂದ ಬಿದ್ದ ಹಾಗೆ ಕೇಳುತ್ತದೆ. ಒಂದೇ ಕೆಲಸಕ್ಕೆ ಹೆಂಗಸು ಎಂಬ ಕಾರಣಕ್ಕೆ ಕಡಿಮೆ ಕೊಡಬಾರದು ಎಂದು 1976ರಲ್ಲೇ ಸಮಾನ ವೇತನ ಕಾಯ್ದೆ ಬಂದಿದೆ, 2019ರ ವೇತನ ಸಂಹಿತೆಯಲ್ಲೂ ಅದು ಸೇರಿದೆ. ಲಿಂಗದ ಕಾರಣಕ್ಕೆ ಸರ್ಕಾರ ಡಿಸ್ಕ್ರಿಮಿನೇಷನ್ ಮಾಡಕೂಡದು ಎಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಒಂದೇ ಸಾಲಿನಲ್ಲಿ ಕಳೆ ಕೀಳುವವರಿಗೆ ಎರಡು ಕೂಲಿ ಎಂದರೆ ಅದಕ್ಕೆ ಹೆಸರು ತಾರತಮ್ಯ. ಇಲ್ಲಿ ‘ವ್ಯತ್ಯಾಸ’ ಎಂದು ಬರೆಯುವುದು ಮೆತ್ತಗೆ ಬರೆದಂತಲ್ಲ, ತಪ್ಪು ಬರೆದಂತೆ.

‘ತಾರತಮ್ಯ’ದ ಕಥೆಯೂ ಸ್ವಾರಸ್ಯವಾಗಿದೆ. ಸಂಸ್ಕೃತದಲ್ಲಿ ಹೋಲಿಕೆ ಹೇಳುವ ‘ತರ’, ‘ತಮ’ ಎಂಬ ಎರಡು ಪ್ರತ್ಯಯಗಳಿಂದ ಆದ ಪದ ಅದ��. ಉಚ್ಚತರ, ಉಚ್ಚತಮ ಎನ್ನುವಾಗಿನ ತರ, ತಮ. ಹೆಚ್ಚು, ಅದಕ್ಕಿಂತ ಹೆಚ್ಚು ಎಂಬ ಮೆಟ್ಟಿಲು. ಮಧ್ವಾಚಾರ್ಯರ ದ್ವೈತ ಸಿದ್ಧಾಂತದಲ್ಲಿ ಅದು ಬೈಗುಳವಲ್ಲ, ಜೀವರ ನಡುವಿನ ಶ್ರೇಣಿಯನ್ನು ಹೇಳುವ ಪಾರಿಭಾಷಿಕ ಪದ. ಇಂದಿನ ಕನ್ನಡದಲ್ಲಿ ಅದೇ ಪದ ‘ಹೀಗೆ ಮೆಟ್ಟಿಲು ಮಾಡಿದ್ದು ಅನ್ಯಾಯ’ ಎಂಬ ಅರ್ಥಕ್ಕೆ ಬಂದಿದೆ. ಮೆಟ್ಟಿಲು ಇದೆ ಎಂದು ಹೇಳುತ್ತಿದ್ದ ಪದ ಮೆಟ್ಟಿಲು ಯಾಕಿದೆ ಎಂದು ಕೇಳತೊಡಗಿದೆ.

ಉಳಿದದ್ದು ‘ಡಿಸ್ಪ್ಯಾರಿಟಿ’. ಅಂತರ ಎನ್ನಬಹುದು, ಅಸಮಾನತೆ ಎನ್ನಬಹುದು. ಇಂಥವರೇ ಮಾಡಿದರು ಎಂದು ಬೆರಳು ತೋರಿಸಲಾಗದ, ಹಾಗಂತ ತಾನಾಗಿಯೂ ಆಗದ ಅಂತರ. ನಾಲೆಯ ಮೊದಲ ಗದ್ದೆಗೂ ಕೊನೆಯ ಗದ್ದೆಗೂ ಇರುವಂಥದ್ದು. ಅದನ್ನು ಬರೆಯಲು ಒಂದು ದಿನದ ಓಡಾಟ ಸಾಲುವುದಿಲ್ಲ, ಹಳೇ ಲೆಕ್ಕ ತೆಗೆಯಬೇಕು. ಸುದ್ದಿಗೆ ಇಷ್ಟು ಎಂದು ಸಂಭಾವನೆ ಪಡೆಯುವ ನಮ್ಮಂಥವರಿಗೆ ಅಷ್ಟು ಹೊತ್ತು ಸಿಗುವುದು ಕಷ್ಟ ಎಂಬುದೂ ನಿಜ.

ಹೊಸದಾಗಿ ಈ ಕೆಲಸಕ್ಕೆ ಬರುವವರು ಪದಪಟ್ಟಿ ಕೇಳುತ್ತಾರೆ. ಪಟ್ಟಿ ಕೊಡುವುದಕ್ಕಿಂತ ನಾನು ಮಾಡುವುದನ್ನು ಹೇಳುತ್ತೇನೆ. ‘ವ್ಯತ್ಯಾಸ’ ಎಂದು ಟೈಪ್ ಮಾಡಿದ ಕೂಡಲೇ ಬೆರಳು ನಿಲ್ಲಿಸಿ, ಇದು ಇರುವ ವ್ಯತ್ಯಾಸವೋ ಅಥವಾ ಯಾರೋ ಮಾಡಿದ್ದೋ ಎಂದು ಕೇಳಿಕೊಳ್ಳುತ್ತೇನೆ. ಗೊತ್ತಿಲ್ಲದಿದ್ದರೆ ಹೆಸರು ಕೊಡದೆ ಎರಡು ಸಂಗತಿಗಳನ್ನೂ ಪಕ್ಕಪಕ್ಕ ಇಟ್ಟು ಬರೆಯುತ್ತೇನೆ. ಗೊತ್ತಿದ್ದರೆ ಗೊತ್ತಿರುವ ಪದವನ್ನೇ ಬರೆಯುತ್ತೇನೆ.

ಈ ವಾರ ಶುಂಠಿ ಹೊಲದ ಕೂಲಿಯ ಸುದ್ದಿ ಕಳಿಸಬೇಕು. ಅದರ ಮೊದಲ ಸಾಲು ಸಿದ್ಧವಾಗಿದೆ: ‘ಒಂದೇ ಹೊಲ, ಒಂದೇ ಸಾಲು, ಒಂದೇ ಕಳೆ, ಸಂಜೆ ಕೈಗೆ ಬರುವ ಕೂಲಿ ಮಾತ್ರ ಎರಡು.’ ಎರಡನೇ ಸಾಲಿನಲ್ಲಿ ತಾರತಮ್ಯ ಎಂಬ ಪದ ಇದೆ. ಯಜಮಾನರ ಮೂಟೆಯ ಮಾತೂ ಇದೆ, ಕಳೆ ಕೀಳುವ ಅಕ್ಕನ ಉತ್ತರದ ಮೊದಲಿಗೆ.